ಸೌದೆ ಒಲೆಯೂ ಇಂಗ್ಲೆಂಡಿನ ಹೊಗೆ ನಿಯಂತ್ರಣ ಕಾನೂನೂ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರು, ಒಲೆಗಳ ಅಳವಡಿಕೆಯನ್ನು ಪರಿಶೀಲಿಸುವ ನನ್ನನ್ನು ಚಳಿಗಾಲಕ್ಕೆ ಮುಂಚೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇಕೋಡಿಸೈನ್ ಗುರುತಿನ ಒಲೆ ಹಾಕಿಸಿದರೆ ಸಾಕಲ್ಲವೇ?’ ಹೊಗೆ ನಿಯಂತ್ರಣ ಪ್ರದೇಶದಲ್ಲಿ, ಅಂದರೆ ಮನೆಯ ಚಿಮಣಿಯಿಂದ ಹೊಗೆ ಬಿಡುವುದನ್ನು ಸ್ಥಳೀಯ ಕೌನ್ಸಿಲ್ ನಿರ್ಬಂಧಿಸಿರುವ ಪ್ರದೇಶದಲ್ಲಿ, ಅಷ್ಟು ಸಾಲದು. 2022ರ ಜನವರಿಯಿಂದ ಜಾರಿಯಲ್ಲಿರುವ ಇಕೋಡಿಸೈನ್ ಹೊಸ ಒಲೆಗಳ ತಯಾರಿಕೆಗೆ ಸಂಬಂಧಿಸಿದ ಮಾನದಂಡ. ಅಂಥ ಪ್ರದೇಶದಲ್ಲಿ ಸೌದೆ ಉರಿಸಲು ಬೇಕಾದ ವಿನಾಯಿತಿಯೇ ಬೇರೆ, ಅದನ್ನು ಪಡೆದ ಒಲೆಗಳ ಹೆಸರು ಮತ್ತು ಮಾದರಿ ಪರಿಸರ ಇಲಾಖೆಯಾದ ಡೆಫ್ರಾದ ಪಟ್ಟಿಯಲ್ಲಿರುತ್ತವೆ. ಅನೇಕ ಒಲೆಗಳಿಗೆ ಎರಡೂ ಇರುವುದರಿಂದಲೇ ಗೊಂದಲ ಹುಟ್ಟುತ್ತದೆ.

1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದು ಸಾವಿರಾರು ಜನರ ಪ್ರಾಣ ತೆಗೆದ ಹೊಗೆಮಂಜಿನ ನಂತರ, 1956ರ ಶುದ್ಧ ಗಾಳಿ ಕಾಯ್ದೆ ಈ ಪ್ರದೇಶಗಳನ್ನು ಗುರುತಿಸುವ ಅಧಿಕಾರವನ್ನು ಸ್ಥಳೀಯ ಕೌನ್ಸಿಲ್‌ಗಳಿಗೆ ಕೊಟ್ಟಿತು. ಈಗ ಜಾರಿಯಲ್ಲಿರುವುದು 1993ರ ಕಾಯ್ದೆ. ಅದಕ್ಕೆ 2021ರ ಪರಿಸರ ಕಾಯ್ದೆ ತಂದ ತಿದ್ದುಪಡಿಯ ಪ್ರಕಾರ, ಚಿಮಣಿಯಿಂದ ಹೊಗೆ ಬಂದರೆ ಕೌನ್ಸಿಲ್ 175ರಿಂದ 300 ಪೌಂಡ್‌ವರೆಗೆ ದಂಡ ವಿಧಿಸಬಹುದು. ಈ ಪ್ರದೇಶಗಳಲ್ಲಿ ಬಾಗಿಲಿಲ್ಲದ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ. ಅನುಮತಿ ಪಡೆದ ಹೊಗೆರಹಿತ ಇಂಧನವನ್ನಷ್ಟೇ ಬಳಸಬೇಕು.

ವಿನಾಯಿತಿ ಪಡೆದ ಒಲೆಯಾದರೂ, ತಯಾರಕರು ಹೇಳಿದ ಇಂಧನವನ್ನು ಅವರು ಹೇಳಿದ ರೀತಿಯಲ್ಲೇ ಉರಿಸಿದಾಗ ಮಾತ್ರ ಆ ವಿನಾಯಿತಿ ಅನ್ವಯಿಸುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇಂಥ ಎಷ್ಟೋ ಒಲೆಗಳಲ್ಲಿ ಗಾಳಿಯ ಕಿಂಡಿ ಪೂರ್ತಿ ಮುಚ್ಚದಂತೆ ಒಂದು ಸಣ್ಣ ತಡೆ ಇರುತ್ತದೆ. ಬೆಂಕಿ ರಾತ್ರಿಯಿಡೀ ಉಳಿಯಲೆಂದು ಅದನ್ನು ಬಿಚ್ಚಿದವರ ಮನೆಗಳನ್ನು ನಾನು ನೋಡಿದ್ದೇನೆ. ಗಾಳಿ ಸಾಲದೆ ಸೌದೆ ಹೊಗೆಯಾಡುತ್ತದೆ, ಅದರಿಂದ ಹೊರಟ ಅನಿಲ ಉರಿಯದೆ ಮೇಲೇರುತ್ತದೆ, ಬಾಗಿಲಿನ ಗಾಜು ಕಪ್ಪಾಗುತ್ತದೆ, ಕೊಳವೆಯೊಳಗೆ ಟಾರಿನಂಥ ಅಂಟು ಕಟ್ಟಿ ಚಿಮಣಿಗೇ ಬೆಂಕಿ ತಗಲುವ ಅಪಾಯ ಬರುತ್ತದೆ. ದಂಡಕ್ಕಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ, ಮತ್ತು ನೆರೆಮನೆಯ ಮಕ್ಕಳ ಶ್ವಾಸಕೋಶ ಸೇರುವ ಆ ಸೂಕ್ಷ್ಮ ಕಣಗಳು.

ಹಸಿ ಸೌದೆಯಿಂದಲೂ ಇದೇ ತೊಂದರೆ. 2021ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20ನ್ನು ಮೀರುವಂತಿಲ್ಲ, ಚೀಲದ ಮೇಲೆ ‘ರೆಡಿ ಟು ಬರ್ನ್’ ಗುರುತನ್ನು ನೋಡಿ ಕೊಳ್ಳಿ. ಹಿತ್ತಲಲ್ಲಿ ಒಣಗಿಸಿದ ಸೌದೆಯಾದರೆ ತುಂಡನ್ನು ಸೀಳಿ, ಹೊಸದಾಗಿ ತೆರೆದ ಒಳಮೈಗೆ ತೇವಮಾಪಕದ ಮೊನೆಗಳನ್ನು ಚುಚ್ಚಿ ಅಳೆಯಬೇಕು, ಏಕೆಂದರೆ ತುದಿಯೂ ತೊಗಟೆಯೂ ಒಳಗಿಗಿಂತ ಬೇಗ ಒಣಗಿರುತ್ತವೆ.

ಕೊಂಡ ಮನೆಯಲ್ಲಿ ಒಲೆ ಮೊದಲೇ ಇದ್ದರೆ, ಅದಕ್ಕೆ ಅಂಟಿಸಿದ ಲೋಹದ ಫಲಕದಲ್ಲಿರುವ ಮಾದರಿಯ ಹೆಸರನ್ನು ಡೆಫ್ರಾ ಪಟ್ಟಿಯೊಂದಿಗೆ ಅಕ್ಷರಶಃ ಹೋಲಿಸಿ ನೋಡಿ. ನಿಮ್ಮ ಬೀದಿ ನಿಯಂತ್ರಣ ಪ್ರದೇಶಕ್ಕೆ ಸೇರುತ್ತದೆಯೇ ಎಂಬುದನ್ನು ಕೌನ್ಸಿಲ್‌ನಲ್ಲಿ ವಿಚಾರಿಸಿ. ಪಟ್ಟಿಯಲ್ಲಿಲ್ಲದ ಒಲೆ ಹಲವು ಇಂಧನಗಳಿಗೆ ಹೊಂದುವಂಥದ್ದಾದರೆ ಅದರಲ್ಲಿ ಅನುಮತಿ ಪಡೆದ ಇಂಧನವನ್ನು ಉರಿಸಬಹುದು. ಸೌದೆಗೆಂದೇ ಮಾಡಿದ ಒಲೆಯಾದರೆ, ಆ ಪ್ರದೇಶದಲ್ಲಿ ಅದನ್ನು ಹೊತ್ತಿಸುವಂತಿಲ್ಲ.