ಪತ್ತನಾಜೆಗೆ ಮೊದಲು ಅಂಟು ಒಣಗಬೇಕು

ಬಿದಿರಿನ ಸೈಕಲ್ ಕಟ್ಟಬೇಕೆಂದು ನನ್ನ ವರ್ಕ್‌ಶಾಪಿಗೆ ಬರುವವರು ಹೆಚ್ಚಾಗಿ ಬರುವುದು ಮೇ ತಿಂಗಳಿನಲ್ಲಿ. ಮಕ್ಕಳಿಗೆ ರಜೆ, ತೋಟದ ಕರೆಯಲ್ಲಿ ಬಿದಿರಿನ ಮೆಳೆ, ಮೊಬೈಲಿನಲ್ಲಿ ಯಾರೋ ಪರದೇಶದವರು ಕಟ್ಟಿದ ವಿಡಿಯೋ. "ಈ ವಾರ ಕಡಿದರೆ ಶಾಲೆ ಶುರುವಾಗುವಾಗ ಓಡಿಸಬಹುದಲ್ಲ ಮಾರಾಯ್ರೆ?" ಎಂದು ಕೇಳುತ್ತಾರೆ. "ಪೆರಾರ್ದೆಯಲ್ಲಿ ಬನ್ನಿ" ಎನ್ನುತ್ತೇನೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಬರುವ ತುಳು ತಿಂಗಳು ಅದು. ಅರ್ಧ ಜನ ಮತ್ತೆ ಬರುವುದಿಲ್ಲ. ಬಂದವರ ಫ್ರೇಮ್ ನಿಲ್ಲುತ್ತದೆ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದು ಗ್ರಿಲ್, ಗೇಟು, ಸ್ಪ್ರೇಯರ್ ರಿಪೇರಿಯ ಅಂಗಡಿ. ಸೈಕಲ್ ಮೊದಲು ಹೊಟ್ಟೆಪಾಡಾಗಿತ್ತು, ಈಗ ಹುಚ್ಚು. ಇಷ್ಟರವರೆಗೆ ಬಿದಿರಿನ ಏಳು ಫ್ರೇಮ್ ಕಟ್ಟಿದ್ದೇನೆ. ಎರಡು ಹಾಳಾದವು. ಎರಡರಲ್ಲೂ ಬಿದಿರು ಮುರಿಯಲಿಲ್ಲ. ಒಂದರಲ್ಲಿ ನಾನು ಅವಸರ ಮಾಡಿದ್ದೆ, ಇನ್ನೊಂದರಲ್ಲಿ ಜಾಣತನ ಮಾಡಿದ್ದೆ. ಜಾಣತನದ ಕತೆ ಆಮೇಲೆ ಹೇಳುತ್ತೇನೆ.

ಬಿದಿರಿನ ಸೈಕಲ್ ಹೊಸತೇನಲ್ಲ. 1894ರಲ್ಲೇ ಇಂಗ್ಲೆಂಡಿನಲ್ಲಿ ಅದನ್ನು ಮಾರಾಟಕ್ಕೆ ತಂದಿದ್ದರು. ಉಕ್ಕಿನ ಕೊಳವೆ ಅಗ್ಗವಾದ ಮೇಲೆ ಅದು ಮೂಲೆ ಸೇರಿತು. ನೂರು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಕ್ರೇಗ್ ಕ್ಯಾಲ್ಫೀ ಎಂಬವರು ಮತ್ತೆ ಕಟ್ಟಿದರು. ಅವರು ಕಾರ್ಬನ್ ಫೈಬರಿನ ರೇಸ್ ಸೈಕಲ್ ಮಾಡುವವರು. ತಮ್ಮ ನಾಯಿ ಎಷ್ಟು ಕಚ್ಚಿದರೂ ಬಿದಿರಿನ ತುಂಡು ಚೂರಾಗದ್ದನ್ನು ಕಂಡು ಈ ಯೋಚನೆ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ನಮಗೆ ನಾಯಿ ಬೇಕಾಗಿಲ್ಲ. ಅಡಿಕೆ ಕೊಯ್ಯುವ ದೋಟಿಯನ್ನು ಹಿಡಿದವರಿಗೆಲ್ಲ ಬಿದಿರು ಬಾಗುವುದು, ಮುರಿಯದಿರುವುದು ಗೊತ್ತು.

ಕಷ್ಟ ಇರುವುದು ಬೇರೆ ಕಡೆ. ಹಸಿ ಬಿದಿರಿನ ತೂಕದಲ್ಲಿ ಅರ್ಧದಷ್ಟು ನೀರು. ಒಣಗುತ್ತಾ ಹೋದಂತೆ ಗಳದ ಸುತ್ತಳತೆ ಕುಗ್ಗುತ್ತದೆ. ಪೆಡಲ್ ಕೂರುವ ಉಕ್ಕಿನ ಶೆಲ್ ಕುಗ್ಗುವುದಿಲ್ಲ, ಜಾಯಿಂಟಿಗೆ ನಾರಿನ ಜೊತೆ ಸುತ್ತುವ ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿದ ಅಂಟು, ಗಟ್ಟಿಯಾದ ಮೇಲೆ ಅದೂ ಕುಗ್ಗುವುದಿಲ್ಲ. ಅರೆ ಒಣಗಿದ ಬಿದಿರನ್ನು ಅಂಟಿಸಿದರೆ ಆರು ತಿಂಗಳಲ್ಲಿ ಬಿದಿರು ಒಳಗೆ ಸಣ್ಣಗಾಗಿ, ಸುತ್ತಿದ ನಾರು ಮಾತ್ರ ಬಳೆಯ ಹಾಗೆ ಹೊರಗೆ ಉಳಿಯುತ್ತದೆ. ನನ್ನ ಮೊದಲ ಫ್ರೇಮಿಗೆ ಆದದ್ದು ಇದೇ. ಏಪ್ರಿಲ್‌ನಲ್ಲಿ ಕಡಿದು ಮೇ ಕೊನೆಗೆ ಕಟ್ಟಿದ್ದೆ. ಮಳೆಗಾಲ ಪೂರ್ತಿ ಚೆನ್ನಾಗಿ ಓಡಿತು. ದೀಪಾವಳಿ ಕಳೆದು ಗಾಳಿ ಒಣಗಿದಾಗ ಹ್ಯಾಂಡಲ್ ಬುಡದಲ್ಲಿ ಟಿಕ್ ಟಿಕ್ ಎನ್ನತೊಡಗಿತು.

ಹಾಗಾಗಿ ಈ ಕೆಲಸ ಹತ್ಯಾರಿಗಿಂತ ಹೆಚ್ಚು ಪಂಚಾಂಗದ್ದು. ಪೆರಾರ್ದೆಯಲ್ಲಿ ಕಡಿಯುವುದು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿಸುವುದು, ಮೇ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನವಾದ ಪತ್ತನಾಜೆಗೆ ಮೊದಲು ಅಂಟಿನ ಕೆಲಸ ಮುಗಿಸುವುದು. ಅದು ತಪ್ಪಿದರೆ ಮುಂದಿನ ವರ್ಷ. ಮಳೆ ಹಿಡಿದ ಮೇಲೆ ನಮ್ಮ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪದರ ಕೂರುತ್ತದೆ. ಅದರ ಮೇಲೆ ಇನ್ನೊಂದು ಸುತ್ತು ಹಾಕಿದರೆ ಹಿಡಿಯುವುದಿಲ್ಲ.

ಯಾವ ಬಿದಿರು? ಮುಳ್ಳಿರುವ ಹೆಬ್ಬಿದಿರು ಎಲ್ಲ ಕಡೆ ಸಿಗುತ್ತದೆ. ಆದರೆ ಬುಡದಲ್ಲಿ ತೀರಾ ದಪ್ಪ, ನಡುವಿನಿಂದ ಮೇಲೆ ಟೊಳ್ಳು ಜಾಸ್ತಿ. ನನಗೆ ಇಷ್ಟ ಮುಳ್ಳಿಲ್ಲದ ಸೀಮೆಬಿದಿರು. ಉತ್ತರದ ಕಡೆಯವರು ಮಾರಿಹಾಳ ಎನ್ನುತ್ತಾರೆ, ಕೊಂಕಣದಲ್ಲಿ ಮಾಣಗಾ. ಇದು ಹೆಚ್ಚುಕಡಿಮೆ ಗಟ್ಟಿ, ನೇರವಾಗಿ ಬೆಳೆಯುತ್ತದೆ, 25ರಿಂದ 40 ಮಿಲಿಮೀಟರ್ ದಪ್ಪದ ಗಳಗಳು ಒಂದೇ ಮೆಳೆಯಲ್ಲಿ ಸಿಗುತ್ತವೆ. ಮೇಲಿನ ಬಾರಿಗೆ 32, ಹ್ಯಾಂಡಲಿನಿಂದ ಪೆಡಲಿಗೆ ಇಳಿಯುವ ಓರೆ ಬಾರಿಗೆ 40, ಹಿಂದಿನ ಚಕ್ರಕ್ಕೆ ಹೋಗುವ ನಾಲ್ಕು ಕೋಲುಗಳಿಗೆ 18ರಿಂದ 22 ಎಂದು ಆರಿಸುತ್ತೇನೆ. ತೆಳು ಗೋಡೆಯ ಓಟೆ ಬಿದಿರು ಬೇಡ. ಬುಟ್ಟಿಗೆ ಒಳ್ಳೆಯದು, ಸೈಕಲಿಗೆ ಅಲ್ಲ. ಹೂ ಬಿಟ್ಟು ಸತ್ತ ಮೆಳೆಯದ್ದೂ ಬೇಡ.

ಪ್ರಾಯ ನೋಡಲು ನನಗೆ ಕಲಿಸಿದ್ದು ಬುಟ್ಟಿ ಹೆಣೆಯುವ ಒಬ್ಬರು ಅಜ್ಜ. ನಾನು ಹೊಳೆಯುವ ಹಸಿರು ಗಳಕ್ಕೆ ಕೈ ಹಾಕಿದಾಗ ನಕ್ಕರು. "ಅದು ಶಿಶು ಮಗಾ, ಬಿಡು. ಗಂಟಿನ ಹತ್ತಿರ ಹಾಳೆ ಅಂಟಿಕೊಂಡದ್ದು ಕಾಣುವುದಿಲ್ಲವಾ?" ಮೂರು, ನಾಲ್ಕು ವರ್ಷವಾದ ಗಳದಲ್ಲಿ ಹಾಳೆ ಉದುರಿರುತ್ತದೆ, ಬಿಳಿ ಹುಡಿ ಮಾಸಿರುತ್ತದೆ, ಅಲ್ಲಲ್ಲಿ ಬೂದು ಕಲೆ ಕೂತಿರುತ್ತದೆ, ಕತ್ತಿಯ ಹಿಂಬದಿಯಿಂದ ಬಡಿದರೆ ಟಣ್ ಎನ್ನುತ್ತದೆ. ಅಜ್ಜ ಅಮಾವಾಸ್ಯೆ ಹತ್ತಿರ ಬಂದಾಗ ಮಾತ್ರ ಕಡಿಯುವವರು. ನಾನು ಅದಕ್ಕೆ ವಾದ ಮಾಡಲಿಲ್ಲ. ಚಳಿಗಾಲದಲ್ಲಿ ಗಳದೊಳಗೆ ಪಿಷ್ಟ ಕಡಿಮೆ ಎನ್ನುವುದಂತೂ ನಿಜ, ಕುಟ್ಟೆ ಹುಳಕ್ಕೆ ಬೇಕಾದದ್ದು ಆ ಪಿಷ್ಟವೇ. ಸ್ವಂತ ಜಾಗದ ಬಿದಿರು ಕಡಿಯಲು ಹೆದರುವವರಿಗೆ ಒಂದು ಮಾತು: 2017ರ ತಿದ್ದುಪಡಿಯಲ್ಲಿ ಅರಣ್ಯದ ಹೊರಗಿನ ಬಿದಿರನ್ನು 1927ರ ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ತೆಗೆದಿದ್ದಾರೆ.

ಕಡಿದ ಮೇಲೆ ಉದ್ದದ ಕಬ್ಬಿಣದ ಸರಳಿನಿಂದ ಒಳಗಿನ ಗಂಟುಗಳನ್ನೆಲ್ಲ ತೂತು ಮಾಡಬೇಕು. ಇಲ್ಲದಿದ್ದರೆ ಔಷಧ ಒಳಹೋಗುವುದಿಲ್ಲ, ತೇವ ಹೊರಬರುವುದಿಲ್ಲ. ಔಷಧ ಎಂದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್, ಎರಡೂ ಸೇರಿ ನೀರಿಗೆ ಶೇ. 5ರಷ್ಟು. ನಾಲ್ಕು ಇಂಚಿನ ಪಿವಿಸಿ ಪೈಪಿನ ಒಂದು ತುದಿ ಮುಚ್ಚಿ ಗೋಡೆಗೆ ಒರಗಿಸಿ, ಗಳಗಳನ್ನು ಅದರೊಳಗೆ ಒಂದೆರಡು ವಾರ ಮುಳುಗಿಸಿಡುತ್ತೇನೆ. ಅಡಿಕೆ ಕಾಯಿ ಒಡೆಯುವ ಅಂಡೊಡಕಕ್ಕೆ ಸಿಂಪಡಿಸುವುದೂ ಇದೇ ಬೋರಾಕ್ಸ್ ಅಲ್ಲವಾ, ಉಳಿದ ನೀರನ್ನು ಮರದ ಬುಡಕ್ಕೆ ಹೊಯ್ಯೋಣ ಎಂದು ನಮ್ಮ ಭಾವ ಹೊರಟಿದ್ದರು. ಅಲ್ಲಿ ಲೀಟರಿಗೆ 2 ಗ್ರಾಂ, ಇಲ್ಲಿ ಬೋರಿಕ್ ಆಸಿಡ್ ಸೇರಿ 50 ಗ್ರಾಂ. ತೋಟ ಸುಟ್ಟುಹೋಗುತ್ತಿತ್ತು. ಆ ನೀರನ್ನು ಮುಚ್ಚಿಟ್ಟು ಮುಂದಿನ ಕಂತಿಗೆ ಬಳಸಿ.

ಒಣಗಿಸುವುದು ನೆರಳಿನಲ್ಲಿ, ನಿಲ್ಲಿಸಿ. ಬಿಸಿಲಿಗೆ ಹಾಕಿದರೆ ಮಧ್ಯಾಹ್ನವೇ ಸೀಳುವ ಸದ್ದು ಕೇಳುತ್ತದೆ. ಮೊದಲ ಒಂದು ತಿಂಗಳು ಚಾವಡಿಯ ಮೂಲೆ, ಆಮೇಲೆ ಸೌದೆ ಒಲೆ ಇರುವ ಮನೆಯಾದರೆ ಅಡುಗೆಮನೆಯ ಅಟ್ಟ. ಹೊಗೆಯ ಬಿಸಿ ಮೆಲ್ಲಗೆ ಒಣಗಿಸುತ್ತದೆ, ಹುಳವನ್ನೂ ದೂರ ಇಡುತ್ತದೆ. ಅಟ್ಟ ಇಲ್ಲದ ಮನೆಯವರು ಗ್ಯಾಸ್ ಟಾರ್ಚಿನಿಂದ ಮೇಲ್ಮೈ ಬೆಲ್ಲದ ಬಣ್ಣಕ್ಕೆ ಬರುವವರೆಗೆ ತಿರುಗಿಸುತ್ತಾ ಕಾಯಿಸಬಹುದು, ಆದರೆ ಒಳಗಿನ ನೀರು ಅದರಿಂದ ಹೋಗುವುದಿಲ್ಲ. ವಾರಕ್ಕೊಮ್ಮೆ ತೂಕ ನೋಡಿ ಗೋಡೆಯಲ್ಲಿ ಬರೆದಿಡಿ. ಮೂರು ವಾರ ತೂಕ ಒಂದೇ ಇದ್ದರೆ ಒಣಗಿತೆಂದು ಲೆಕ್ಕ. ಬೇಕಾದದ್ದಕ್ಕಿಂತ ಎರಡು ಪಾಲು ಗಳ ಒಣಗಿಸಿ. ಕೆಲವು ಸೀಳುತ್ತವೆ, ಬೇಸರ ಬೇಡ, ಇಲ್ಲಿ ಸೀಳಿದ್ದು ರಸ್ತೆಯಲ್ಲಿ ಸೀಳುವುದು ತಪ್ಪಿತು.

ಕಬ್ಬಿಣದ ಭಾಗ ಗುಜರಿಯಿಂದ. ತುಕ್ಕು ಹಿಡಿದ ಹಳೆ ಸೈಕಲಿನ ಹ್ಯಾಂಡಲ್ ತಿರುಗುವ ಮುಂದಿನ ಕೊಳವೆ, ಪೆಡಲಿನ ಶೆಲ್, ಸೀಟಿನ ಕಂಬ ಕೂರುವ ಒಂದು ಗೇಣು ಪೈಪು, ಹಿಂದಿನ ಅಚ್ಚು ಕೂರುವ ಎರಡು ಕೊಕ್ಕೆ, ಇಷ್ಟನ್ನು ಹ್ಯಾಕ್ಸಾದಲ್ಲಿ ಕತ್ತರಿಸಿದರೆ ಸಾಕು. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮಾತ್ರ ಉಕ್ಕಿನದ್ದೇ ಇರಲಿ. ಬಿದಿರಿನ ಫೋರ್ಕ್ ಕಟ್ಟಿಕೊಡಿ ಎಂದು ಯಾರು ಕೇಳಿದರೂ ನಾನು ಕಟ್ಟುವುದಿಲ್ಲ. ಹಿಂದಿನ ಕೋಲು ಬಿಟ್ಟರೆ ಸೈಕಲ್ ನಿಲ್ಲುತ್ತದೆ, ಮುಂದಿನದ್ದು ಬಿಟ್ಟರೆ ಹಲ್ಲು ಹೋಗುತ್ತದೆ. ಒಡೆದ ಕಾರ್ಬನ್ ದೋಟಿಯ ತುಂಡುಗಳನ್ನು ತಂದು "ಇದನ್ನೇ ಬಾರಿಗೆ ಹಾಕಿ" ಎನ್ನುವವರೂ ಇದ್ದಾರೆ. ಅದು ಉದ್ದಕ್ಕೆ ಬಾಗಲು ಮಾಡಿದ ತೆಳು ಕೊಳವೆ. ಪಕ್ಕದಿಂದ ಒತ್ತಿದರೆ ಪಪ್ಪಾಯಿಯ ದಂಟಿನ ಹಾಗೆ ಅಪ್ಪಚ್ಚಿಯಾಗುತ್ತದೆ.

ಇನ್ನು ಜಾಯಿಂಟ್. ಹಲಗೆಯ ಮೇಲೆ ಹಳೆಯ ಫ್ರೇಮಿನ ಗೀಟು ಎಳೆದು, ಕಬ್ಬಿಣದ ತುಂಡುಗಳನ್ನು ಅವುಗಳ ಜಾಗದಲ್ಲಿ ಬಿಗಿದು, ಗಳಗಳ ತುದಿಯನ್ನು ಅರ್ಧಚಂದ್ರದ ಹಾಗೆ ಅರದಿಂದ ಉಜ್ಜಿ ಕೂರಿಸಬೇಕು. ಕಾಗದ ತೂರುವಷ್ಟು ಸಂದು ಸರಿ, ಬೆರಳಿನ ಉಗುರು ತೂರಿದರೆ ಮತ್ತೆ ಉಜ್ಜಿ. ಸಾಧ್ಯವಾದಷ್ಟು ಗಂಟು ತುದಿಯ ಹತ್ತಿರವೇ ಬರುವಂತೆ ಕತ್ತರಿಸಿ. ನಾರು ಹಿಡಿಯುವ ಜಾಗದಲ್ಲಿ ಮಾತ್ರ ಹೊರಮೈಯ ಹೊಳಪು ತೆಗೆಯಬೇಕು. ಮೇಣ, ಸಿಲಿಕಾ ಇರುವ ಆ ಹೊಳಪಿಗೆ ಎಪಾಕ್ಸಿ ಅಂಟುವುದಿಲ್ಲ. ಹಾಗೆಂದು ಆಳಕ್ಕೆ ಉಜ್ಜುವುದೂ ತಪ್ಪು. ಬಿದಿರಿನ ಬಲವಾದ ಎಳೆಗಳು ಒತ್ತಾಗಿರುವುದು ಹೊರಗಿನ ಪದರದಲ್ಲೇ.

ಜಾಣತನದ ಕತೆ ಇಲ್ಲಿಯದು. ತೆಂಗಿನ ನಾಡಿನವನಿಗೆ ಮೊದಲು ಕೈಗೆ ಸಿಗುವುದು ತೆಂಗಿನ ನಾರು. ಊರಿನದ್ದೇ ವಸ್ತು ಎಂದು ಅಭಿಮಾನದಿಂದ ನಾರಿನ ಹುರಿಯನ್ನು ಎಪಾಕ್ಸಿಯಲ್ಲಿ ಅದ್ದಿ ಸುತ್ತಿದೆ. ನೋಡಲು ಭರ್ಜರಿಯಾಗಿತ್ತು. ಗುಡ್ಡದ ದಾರಿಯಲ್ಲಿ ಪೆಡಲಿನ ಮೇಲೆ ನಿಂತು ಹತ್ತಿಸಿದಾಗ ಪ್ರತಿ ಸಲ ಚೈನು ಬೀಳುತ್ತಿತ್ತು. ಕಾರಣ ಸರಳ. ಸೆಣಬಿನ ಎಳೆ ಶೇ. 2ರಷ್ಟು ಹಿಗ್ಗುವ ಮೊದಲೇ ತುಂಡಾಗುತ್ತದೆ, ಅಂದರೆ ಅದು ಬಿಗಿ. ತೆಂಗಿನ ನಾರು ಶೇ. 15ಕ್ಕೂ ಮೀರಿ ಹಿಗ್ಗುತ್ತದೆ. ಹಗ್ಗಕ್ಕೆ ಅದು ಗುಣ, ಜಾಯಿಂಟಿಗೆ ದೋಷ. ಕಾಲು ಒತ್ತಿದಾಗೆಲ್ಲ ಪೆಡಲಿನ ಶೆಲ್ ಪಕ್ಕಕ್ಕೆ ವಾಲುತ್ತಿತ್ತು. ಈಗ ಕರಾವಳಿಯ ದೋಣಿ ರಿಪೇರಿಯವರು ಬಳಸುವ ಗ್ಲಾಸ್ ಫೈಬರ್ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ ಒಳಗಿನ ಸುತ್ತುಗಳಿಗೆ ಹಾಕುತ್ತೇನೆ, ಹೊರಗಿನ ಸುತ್ತು ಬಿಸಿಲಿಗೆ ಒಣಗಿಸಿದ ಸೆಣಬು. ದೋಣಿಯವರ ಪಾಲಿಯೆಸ್ಟರ್ ರೆಸಿನ್ ಮಾತ್ರ ತರಬೇಡಿ, ಮರದ ಜಾತಿಗೆ ಅದರ ಹಿಡಿತ ಸಾಲದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಟ್ಯೂಬಿನ ಅಂಟೂ ಬೇಡ. ನಿಧಾನ ಗಟ್ಟಿಯಾಗುವ ಎಪಾಕ್ಸಿಯನ್ನು ತಕ್ಕಡಿಯಲ್ಲಿ ತೂಗಿ ಕಲಸಿ, ಕೈಗವಸು ಹಾಕಿ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ.

ಪಟ್ಟಿಯನ್ನು ಓರೆಯಾಗಿ, ಎಂಟರ ಆಕಾರದಲ್ಲಿ, ಒಂದು ಗಳದಿಂದ ಶೆಲ್ ಮೇಲೆ ಹಾದು ಇನ್ನೊಂದು ಗಳಕ್ಕೆ ಒಯ್ಯಬೇಕು. ಬರೀ ಬಳೆಯ ಹಾಗೆ ಸುತ್ತಿದರೆ ಎಳೆತ ತಡೆಯುವುದಿಲ್ಲ. ಸುತ್ತಿದ ಕೂಡಲೇ ಪಂಚರ್ ಅಂಗಡಿಯ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ, ಸೂಜಿಯಿಂದ ತೂತು ಮಾಡಿ, ಎಳೆದು ಬಿಗಿಯಾಗಿ ಕಟ್ಟಿ. ಹೆಚ್ಚಿನ ಎಪಾಕ್ಸಿ ಬೆವರಿನ ಹಾಗೆ ಹನಿಹನಿಯಾಗಿ ಹೊರಬರುತ್ತದೆ, ಒಳಗಿನ ಗಾಳಿಯೂ ಹೋಗುತ್ತದೆ. ಟ್ಯೂಬ್ ಕಟ್ಟುವ ಮೊದಲೇ ಜಾಯಿಂಟಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಅದಕ್ಕೂ ತೂತು ಮಾಡಿ, ಇಲ್ಲದಿದ್ದರೆ ಟ್ಯೂಬ್ ಅಲ್ಲೇ ಶಾಶ್ವತ.

ಗಟ್ಟಿಯಾದ ಮೇಲೆ ನೂಲಿನ ಪರೀಕ್ಷೆ. ಹಿಂದಿನ ಒಂದು ಕೊಕ್ಕೆಯಿಂದ ನೂಲು ಹೊರಟು ಮುಂದಿನ ಕೊಳವೆಯನ್ನು ಬಳಸಿ ಇನ್ನೊಂದು ಕೊಕ್ಕೆಗೆ ಬರಬೇಕು. ಸೀಟಿನ ಗಳದಿಂದ ಎರಡೂ ಬದಿಯ ನೂಲಿಗೆ ದೂರ ಒಂದೇ ಇರಬೇಕು. ಎರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಕೈ ಬಿಟ್ಟು ಓಡಿಸಲು ಆಗದು. ಕಾರ್ಖಾನೆಯ ಫ್ರೇಮನ್ನು ಯಂತ್ರದಲ್ಲಿ 1 ಲಕ್ಷ ಸಲ ತುಳಿದು ನೋಡುತ್ತಾರೆ. ನಮ್ಮಲ್ಲಿ ಎರಡು ಸಿಮೆಂಟ್ ಚೀಲ ಹೇರಿ, ಶಾಲಾ ಮೈದಾನದಲ್ಲಿ ತಳ್ಳಿಕೊಂಡು ಹೋಗಿ, ಆಮೇಲೆ ತಿಂಗಳು ಪೂರ್ತಿ ನಾನೇ ಓಡಿಸುವುದು. ಮಕ್ಕಳಿಗೆ ಕೊಡುವುದು ಆ ಮೇಲೆ.

ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸುವವರು ಜಾಯಿಂಟಿಗೆ ಕಪ್ಪು ಪೇಂಟ್ ಹೊಡೆಯಬೇಡಿ, ಕೋಣೆಯಲ್ಲೇ ಗಟ್ಟಿಯಾಗುವ ಎಪಾಕ್ಸಿ ಸುಮಾರು 60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ವಾರ್ನಿಷ್ ವರ್ಷಕ್ಕೊಮ್ಮೆ, ಗಳದ ತಳದಲ್ಲಿ ನೀರು ಇಳಿಯಲು ಸಣ್ಣ ತೂತು.

ಬಿದಿರು ಹಠಾತ್ತಾಗಿ ಮುರಿಯುವುದಿಲ್ಲ, ಉದ್ದಕ್ಕೆ ಸೀಳಿ ಮೊದಲು ಸದ್ದು ಮಾಡುತ್ತದೆ. ಕಳೆದ ವರ್ಷ ನನ್ನದೇ ಸೈಕಲಿನ ಮೇಲಿನ ಬಾರಿನಲ್ಲಿ ಎರಡು ಇಂಚಿನ ಸೀಳು ಬಂತು. ಔಷಧದ ಸೂಜಿಯಿಂದ ತೆಳು ಎಪಾಕ್ಸಿ ಇಳಿಸಿ, ಮೇಲೆ ಸೆಣಬು ಸುತ್ತಿದೆ. ಈಗ ಅಲ್ಲಿ ಬಿದಿರಿಗೆ ಇನ್ನೊಂದು ಗಂಟು ಬಂದ ಹಾಗೆ ಕಾಣುತ್ತದೆ. ಮಗಳು ಅದರ ಪಕ್ಕದಲ್ಲೇ ಬೆಲ್ ಕಟ್ಟಿದ್ದಾಳೆ, ಜಾರುವುದಿಲ್ಲವಂತೆ.