ಟ್ರಕ್ಕನ್ನು ಮಲಗಿ ನೋಡಿ

ಸಕಲೇಶಪುರದ ಕಡೆ ಕಾಫಿ ತೋಟ ಇರುವ ನನ್ನ ಗೆಳೆಯನೊಬ್ಬ ಕಳೆದ ವರ್ಷ ಹೊಸ ಪಿಕಪ್ ಟ್ರಕ್ ಕೊಳ್ಳಲು ಹೊರಟ. ಜೊತೆಗೆ ನನ್ನನ್ನೂ ಕರೆದ. ಷೋರೂಮಿನ ಹುಡುಗ ಬಾನೆಟ್ ಎತ್ತಿ ಎಂಜಿನ್ ತೋರಿಸಿದ. ಎಷ್ಟು ಹಾರ್ಸ್‌ಪವರ್, ಎಷ್ಟು ಟಾರ್ಕ್ (ಅಂದರೆ ತಿರುಗಿಸುವ ಬಲ), ಸ್ಕ್ರೀನ್ ಎಷ್ಟು ಇಂಚು ಎಲ್ಲವನ್ನೂ ಹೇಳಿದ. ನಾನು ನೆಲಕ್ಕೆ ಹಳೇ ಪೇಪರ್ ಹಾಸಿ, ಗಾಡಿಯ ಕೆಳಗೆ ತಲೆ ತೂರಿಸಿ ಮಲಗಿದೆ. ಕಚ್ಚಾ ದಾರಿಗೆ ಬೇಕಾದ ಗಾಡಿಯ ಜಾತಕ ಇರುವುದು ಅಲ್ಲಿ.

ಈ ಗಾತ್ರದ ಪಿಕಪ್ ಎಂದರೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಒಂದು ಟೊಯೋಟಾ ಹೈಲಕ್ಸ್. ಜಪಾನಿನಲ್ಲಿ 1968ರಲ್ಲಿ ಹುಟ್ಟಿದ ಈ ಗಾಡಿ ನಮ್ಮಲ್ಲಿಗೆ ಬಂದಿದ್ದು 2022ರಲ್ಲಿ, ತಯಾರಾಗುವುದು ನಮ್ಮ ಬಿಡದಿಯಲ್ಲೇ. ಇನ್ನೊಂದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಇದು 2016ರಿಂದ ಇದೆ, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. ಹೈಲಕ್ಸ್‌ನದು 2.8 ಲೀಟರ್ ಡೀಸೆಲ್ ಎಂಜಿನ್, ಮ್ಯಾನುಯಲ್ ಗೇರ್ ಇದ್ದರೆ 420 ನ್ಯೂಟನ್ ಮೀಟರ್ ಟಾರ್ಕ್. ವಿ-ಕ್ರಾಸ್‌ನದು 1.9 ಲೀಟರ್, 360 ನ್ಯೂಟನ್ ಮೀಟರ್. ಕೊಳ್ಳುವವರ ವಾದ ಸಾಮಾನ್ಯವಾಗಿ ಇಲ್ಲೇ ಶುರುವಾಗಿ ಇಲ್ಲೇ ಮುಗಿಯುತ್ತದೆ. ಯಾವುದಕ್ಕೆ ಜಾಸ್ತಿ ದಮ್ಮಿದೆ? ಅಷ್ಟೇ.

ಆದರೆ ಕೆಸರಿನ ದಾರಿಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಎಂಜಿನ್ನಿನ ಬಲ ಚಕ್ರಕ್ಕೆ ನೇರವಾಗಿ ಹೋಗುವುದಿಲ್ಲ. ನಡುವೆ ಗೇರುಗಳಿವೆ. ಮೊದಲ ಗೇರು, ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲಿನ ಒಳಗಿರುವ ಗೇರು, ಜೊತೆಗೆ 'ಫೋರ್ ಲೋ' (ನಾಲ್ಕೂ ಚಕ್ರ ಎಳೆಯುವಾಗ ಗಾಡಿಯನ್ನು ತೀರಾ ನಿಧಾನ ಮಾಡುವ ವ್ಯವಸ್ಥೆ) ಹಾಕಿದಾಗ ಸೇರಿಕೊಳ್ಳುವ ಇನ್ನೊಂದು ಗೇರು. ಮೂರನ್ನೂ ಗುಣಿಸಿದರೆ ಇಂಥ ಟ್ರಕ್ಕುಗಳಲ್ಲಿ ಸುಮಾರು 40 ಬರುತ್ತದೆ. ಅಂದರೆ 420 ಇದ್ದ ಟಾರ್ಕ್ ಚಕ್ರ ಮುಟ್ಟುವ ಹೊತ್ತಿಗೆ 16,800 ಆಗಿರುತ್ತದೆ. ಚಕ್ರದ ತ್ರಿಜ್ಯ ಸುಮಾರು 39 ಸೆಂಟಿಮೀಟರ್. 0.39 ಮೀಟರಿನಿಂದ ಭಾಗಿಸಿ, ಬಂದ ನ್ಯೂಟನ್ ಲೆಕ್ಕವನ್ನು ಕೆಜಿಗೆ ಬದಲಿಸಿದರೆ, ನೆಲವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ 4,400 ಕೆಜಿ ಭಾರದಷ್ಟು. ವಿ-ಕ್ರಾಸ್‌ಗೂ ಇದೇ ಲೆಕ್ಕ ಹಾಕಿದರೆ 3,700ರ ಮೇಲೆ ಬರುತ್ತದೆ.

ಈಗ ನೆಲದ ಕಡೆಯ ಲೆಕ್ಕ. ಟ್ರಕ್ಕಿನ ತೂಕ ಸುಮಾರು 2,100 ಕೆಜಿ ಎನ್ನಿ. ಒದ್ದೆ ಕೆಸರಿನಲ್ಲಿ ಟೈರಿಗೆ ಸಿಗುವ ಹಿಡಿತ, ಅದರ ಮೇಲಿರುವ ಭಾರದ ಶೇಕಡಾ 30ರಷ್ಟು ಸಿಕ್ಕರೆ ಪುಣ್ಯ. ಅಂದರೆ ನಾಲ್ಕೂ ಚಕ್ರ ಸೇರಿ ನೆಲದಿಂದ ಪಡೆಯಬಹುದಾದ ಬಲ ಬರೀ 630 ಕೆಜಿ. ಎಂಜಿನ್ ಕೊಡಬಲ್ಲದ್ದು ಅದರ ಆರೇಳು ಪಟ್ಟು! ನೆಲ ತೆಗೆದುಕೊಳ್ಳಲಾಗದ ಬಲವೆಲ್ಲ ಏನಾಗುತ್ತದೆ? ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ, ಗುಂಡಿ ತೋಡುತ್ತದೆ, ಗಾಡಿ ಹೂತುಹೋಗುತ್ತದೆ.

ಏರು ಹತ್ತುವ ಲೆಕ್ಕವಂತೂ ಇನ್ನೂ ಸರಳ. ಹಿಡಿತ ಶೇಕಡಾ 30 ಇದ್ದರೆ, ನಾಲ್ಕೂ ಚಕ್ರ ಎಳೆದರೂ ಸುಮಾರು 17 ಡಿಗ್ರಿಗಿಂತ ಕಡಿದಾದ ಏರನ್ನು ಮೆಲ್ಲಗೆ ಹತ್ತಲು ಸಾಧ್ಯವೇ ಇಲ್ಲ. ಎಂಜಿನ್ ಎಷ್ಟೇ ದೊಡ್ಡದಿರಲಿ. ಬರೀ ಹಿಂದಿನ ಎರಡು ಚಕ್ರ ಎಳೆಯುವ ಪಿಕಪ್ ಆದರೆ ಇನ್ನೂ ಕಷ್ಟ. ಎಂಜಿನ್ ಮುಂದಿದೆ, ಹಿಂದಿನ ಡಬ್ಬ ಖಾಲಿ. ಅರ್ಧಕ್ಕಿಂತ ಕಡಿಮೆ ಭಾರ ಹಿಂದಿನ ಚಕ್ರಗಳ ಮೇಲಿರುತ್ತದೆ. ಅದೇ ಕೆಸರಿನಲ್ಲಿ ಎಂಟು ಡಿಗ್ರಿ ಏರಿಗೇ ಅದು ಕೈಚೆಲ್ಲುತ್ತದೆ. ತೋಟದ ಆಳುಗಳು ಖಾಲಿ ಪಿಕಪ್ಪಿನ ಹಿಂದೆ ನಾಲ್ಕು ಜನ ಹತ್ತಿ ನಿಲ್ಲುವುದು ಇದಕ್ಕೇ. ಯಾವ ಭೌತಶಾಸ್ತ್ರವನ್ನೂ ಓದದೆ ಅವರು ಕಂಡುಕೊಂಡ ಉಪಾಯ ಅದು.

ಹಾಗಾದರೆ 'ಫೋರ್ ಲೋ' ಯಾಕೆ ಬೇಕು? ಬಲಕ್ಕಿಂತ ಹೆಚ್ಚಾಗಿ ನಿಧಾನಕ್ಕೆ. ಎಂಜಿನ್ ನಿಮಿಷಕ್ಕೆ 800 ಸುತ್ತು ಸುತ್ತುತ್ತಾ ಸುಮ್ಮನೆ ಗುರುಗುಡುತ್ತಿದ್ದರೆ ಚಕ್ರ ನಿಮಿಷಕ್ಕೆ 20 ಸುತ್ತು ತಿರುಗುತ್ತದೆ. ಗಾಡಿಯ ವೇಗ ಗಂಟೆಗೆ ಮೂರು ಕಿಲೋಮೀಟರಿಗೂ ಕಡಿಮೆ. ಆಕ್ಸಿಲರೇಟರ್ ಮುಟ್ಟಬೇಕಿಲ್ಲ. ಮನುಷ್ಯ ನಡೆಯುವುದಕ್ಕಿಂತ ಮೆಲ್ಲಗೆ, ಒಂದೊಂದು ಕಲ್ಲನ್ನೂ ತಡವುತ್ತಾ ಗಾಡಿ ಹೋಗುತ್ತದೆ. ಅಮೆರಿಕದ ಜೀಪ್ ಗ್ಲಾಡಿಯೇಟರ್ ರೂಬಿಕಾನ್ ಎಂಬ ಪಿಕಪ್ಪಿನ ಮ್ಯಾನುಯಲ್ ಗಾಡಿಯಲ್ಲಿ ಈ ಗುಣಾಕಾರ 84ರಷ್ಟಿತ್ತು. ಬಂಡೆ ಹತ್ತುವವರಿಗಾಗಿಯೇ ಮಾಡಿದ ಗಾಡಿ ಅದು. ನಮ್ಮ ಮಲೆನಾಡಿನ ತೋಟದ ದಾರಿಗೆ 40 ಸಾಕು.

ಈಗ ನನಗೆ ಅತೀ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಡಿಫರೆನ್ಷಿಯಲ್.

ಕೆಲವು ಮಳೆಗಾಲಗಳ ಹಿಂದೆ ಇದೇ ಗೆಳೆಯನ ಹಳೇ ಫೋರ್ ಬೈ ಫೋರ್ ಗಾಡಿಯನ್ನು ನಾನು ಓಡಿಸುತ್ತಿದ್ದೆ. ದಾರಿಗೆ ಅಡ್ಡವಾಗಿ ಮಳೆನೀರು ಕೊರೆದ ಕೊರಕಲು. ಓರೆಯಾಗಿ ಇಳಿಸಿದೆ. ಎಡಗಡೆ ಮುಂದಿನ ಚಕ್ರ ಗಾಳಿಯಲ್ಲಿ, ಬಲಗಡೆ ಹಿಂದಿನ ಚಕ್ರವೂ ಗಾಳಿಯಲ್ಲಿ. ಉಳಿದೆರಡು ಗಟ್ಟಿ ನೆಲದ ಮೇಲೆ. ಆಕ್ಸಿಲರೇಟರ್ ಒತ್ತಿದರೆ ಗಾಳಿಯಲ್ಲಿದ್ದ ಚಕ್ರಗಳು ಭರ್ರನೆ ತಿರುಗಿ ಕೆಸರು ಎರಚಿದವು. ನೆಲದ ಮೇಲಿದ್ದವು ಮಾತ್ರ ಒಂದಿಂಚೂ ಅಲುಗಲಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ ಸಂಬಂಧ ಇದೆ, ಎರಡಕ್ಕೆ ಒಳ್ಳೆ ಹಿಡಿತವೂ ಇದೆ, ಆದರೂ ಗಾಡಿ ನಿಂತಲ್ಲೇ! ಇಳಿದು ಆ ನಿಂತ ಚಕ್ರವನ್ನು ಬಹಳ ಹೊತ್ತು ನೋಡಿದ್ದೆ.

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ಉಜ್ಜಿಕೊಂಡು ಹೋಗುತ್ತದೆ. ಅದಕ್ಕೇ ಡಿಫರೆನ್ಷಿಯಲ್ ಇರುವುದು. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತ ಉಗಿಬಂಡಿಗೆಂದು 1827ರಲ್ಲೇ ಇದನ್ನು ರೂಪಿಸಿದ. ಎರಡು ಚಕ್ರಕ್ಕೂ ಬೇರೆ ಬೇರೆ ವೇಗ ಕೊಡುತ್ತದೆ, ಆದರೆ ಎರಡಕ್ಕೂ ಒಂದೇ ಅಳತೆಯ ಬಲ. ತೊಂದರೆ ಇರುವುದು ಈ ಸಮಪಾಲಿನಲ್ಲಿ.

ಎತ್ತಿನ ಗಾಡಿಯ ನೊಗ ನೆನಪಿಸಿಕೊಳ್ಳಿ. ನಡುವೆ ಮೂಕಿಗೆ ಕಟ್ಟಿರುತ್ತದೆ, ಎರಡು ತುದಿಗೆ ಎರಡು ಎತ್ತು. ಒಂದು ಎತ್ತು ಎಳೆಯದೆ ನಿಂತುಬಿಟ್ಟರೆ ಇನ್ನೊಂದು ಎಷ್ಟು ಜಗ್ಗಿದರೂ ನೊಗ ಓರೆಯಾಗುತ್ತದೆಯೇ ಹೊರತು ಗಾಡಿ ಮುಂದೆ ಬರುವುದಿಲ್ಲ. ಡಿಫರೆನ್ಷಿಯಲ್ ಕೂಡ ಗೇರಿನಲ್ಲಿ ಮಾಡಿದ ನೊಗವೇ. ಗಾಳಿಯಲ್ಲಿರುವ ಚಕ್ರಕ್ಕೆ ಒತ್ತಿ ನಿಲ್ಲಲು ಏನೂ ಇಲ್ಲ, ಆದ್ದರಿಂದ ಅದು ಎಳೆಯುವ ಬಲ ಸೊನ್ನೆ. ಸಮಪಾಲು ತಾನೇ? ನೆಲದ ಮೇಲಿರುವ ಚಕ್ರಕ್ಕೂ ಸೊನ್ನೆ. ಅವತ್ತು ತೋಟದ ಹಿರಿಯ ಆಳೊಬ್ಬರು ಬಂದು ಗಾಳಿಯಲ್ಲಿದ್ದ ಹಿಂದಿನ ಚಕ್ರದ ಕೆಳಗೆ ಮೂರು ಕಲ್ಲು ಒಟ್ಟಿದರು. ಚಕ್ರಕ್ಕೆ ಕಾಲೂರಲು ಜಾಗ ಸಿಕ್ಕಿತು. ಗಾಡಿ ತಾನಾಗಿ ಹೊರಗೆ ಬಂತು.

ಡಿಫರೆನ್ಷಿಯಲ್ ಲಾಕ್ ಎನ್ನುವುದು ನೊಗವನ್ನು ಮೂಕಿಗೆ ಬಿಗಿಯಾಗಿ ಬೆಸೆದ ಹಾಗೆ. ಎರಡೂ ಚಕ್ರ ಒಟ್ಟಿಗೇ ತಿರುಗಲೇಬೇಕು. ಹೈಲಕ್ಸ್‌ನಲ್ಲಿ ಹಿಂದಿನ ಆಕ್ಸಲಿಗೆ ಬಟನ್ ಒತ್ತಿ ಹಾಕುವ ಲಾಕ್ ಇದೆ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಚಕ್ರ ಜಾರಿದ್ದನ್ನು ತಾನೇ ಗುರುತಿಸಿ ಬಿಗಿದುಕೊಳ್ಳುವ ಮೆಕ್ಯಾನಿಕಲ್ ಲಾಕ್ ಬರುತ್ತದೆ. ಇನ್ನೊಂದು ದಾರಿ ಟ್ರ್ಯಾಕ್ಷನ್ ಕಂಟ್ರೋಲ್. ಸುಮ್ಮನೆ ಸುತ್ತುವ ಚಕ್ರಕ್ಕೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ. ಬ್ರೇಕಿನ ವಿರುದ್ಧ ಒತ್ತಲು ಆ ಚಕ್ರಕ್ಕೆ ಬಲ ಬೇಕಾಗುತ್ತದೆ, ಸಮಪಾಲಿನ ನಿಯಮದಿಂದ ಅಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ. ಜಾಣ ಉಪಾಯವೇ. ಆದರೆ ಅದು ಕೆಲಸ ಮಾಡುವುದು ಚಕ್ರ ಜಾರಿದ ಮೇಲೆ. ಲಾಕ್ ಆದರೆ ಜಾರುವ ಮುಂಚೆಯೇ ಹಾಕಿಕೊಳ್ಳಬಹುದು. ನನ್ನನ್ನು ಕೇಳಿದರೆ, ಹತ್ತು ಇಂಚಿನ ಸ್ಕ್ರೀನ್ ಬಿಟ್ಟಾದರೂ ಹಿಂದಿನ ಲಾಕ್ ಇರುವ ಮಾದರಿ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಹೈಲಕ್ಸ್, ವಿ-ಕ್ರಾಸ್ ಎರಡೂ ಪಿಕಪ್ಪುಗಳ ಫೋರ್ ವ್ಹೀಲ್ ಡ್ರೈವ್, ಬೇಕಾದಾಗ ಮಾತ್ರ ಹಾಕುವಂಥದ್ದು. ಹಾಕಿದಾಗ ಮುಂದಿನ ಹಿಂದಿನ ಆಕ್ಸಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಣ ಟಾರು ರಸ್ತೆಯಲ್ಲಿ ಹಾಗೆ ಓಡಿಸಬಾರದು. ತಿರುವಿನಲ್ಲಿ ಜಾರಿ ಸಡಿಲಗೊಳ್ಳಲು ನೆಲ ಬಿಡುವುದಿಲ್ಲ, ಗೇರುಗಳು ಒಳಗೊಳಗೇ ಮುರುಚಿಕೊಳ್ಳುತ್ತವೆ.

ಷೋರೂಮಿನಲ್ಲಿ ಮಲಗಿ ನೋಡಿದ್ದು ಏನು? ಮೊದಲು ಹಿಂದಿನ ಆಕ್ಸಲಿನ ನಡುವೆ ಬುರುಡೆಯ ಹಾಗೆ ಊದಿಕೊಂಡ ಭಾಗ. ಡಿಫರೆನ್ಷಿಯಲ್ ಇರುವುದು ಅದರೊಳಗೆ, ದಾರಿ ನಡುವಿನ ಕಲ್ಲು ಮೊದಲು ಬಡಿಯುವುದೂ ಅದಕ್ಕೇ. ಸ್ಪ್ರಿಂಗ್ ಎತ್ತರಿಸಿ ಗಾಡಿ ಮೇಲೆತ್ತಿಸಿಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಬಾಡಿ ಮೇಲೆ ಹೋಗುತ್ತದೆ, ಈ ಬುರುಡೆ ಇದ್ದಲ್ಲೇ ಇರುತ್ತದೆ. ಅದು ಮೇಲೇಳುವುದು ದೊಡ್ಡ ಟೈರು ಹಾಕಿದರೆ ಮಾತ್ರ. ಆಮೇಲೆ ಆಕ್ಸಲಿನಿಂದ ಮೇಲೆ ಹೋಗುವ ಸಣ್ಣ ಗಾಳಿ ಕೊಳವೆ ನೋಡಿದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕೊಳವೆಯ ಬಾಯಿ ನೀರಿಗಿಂತ ಮೇಲಿಲ್ಲದಿದ್ದರೆ ಗಾಳಿಯ ಬದಲು ನೀರನ್ನೇ ಹೀರಿಕೊಂಡು ಗೇರೆಣ್ಣೆ ಕೆಡುತ್ತದೆ.

ನೀರಿನ ಮಾತು ಬಂತಲ್ಲ. ಹೈಲಕ್ಸ್ 700 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಲೆಕ್ಕ ಎಂದೇ ಇಟ್ಟುಕೊಳ್ಳಿ. ಎಂಜಿನ್ನಿನೊಳಗೆ ನೀರು ಹೊಕ್ಕರೆ ಅದು ಗಾಳಿಯ ಹಾಗೆ ಅದುಮಿಸಿಕೊಳ್ಳುವುದಿಲ್ಲ, ಪಿಸ್ಟನ್ನಿನ ಕೆಳಗಿನ ರಾಡೇ ಬಾಗುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಅಪಾಯ ಇದೆ. ಕ್ಯಾಬಿನ್ನಿನ ತಳ ಸುಮಾರು ಮೂರೂವರೆ ಚದರ ಮೀಟರ್. ನೀರು ಆ ತಳದಿಂದ ಹತ್ತು ಸೆಂಟಿಮೀಟರ್ ಮೇಲೆ ಬಂದರೆ, ಒಳಗೆ ನುಗ್ಗುವ ತನಕ 350 ಕೆಜಿಯಷ್ಟು ಗಾಡಿಯನ್ನು ಮೇಲಕ್ಕೆ ಎತ್ತುತ್ತದೆ. ಅಷ್ಟು ಭಾರ ಚಕ್ರದಿಂದ ಕಳೆಯಿತು, ಹಿಡಿತವೂ ಕಳೆಯಿತು. ಹರಿಯುವ ಹಳ್ಳ ಗಾಡಿಯನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುವುದು ಹೀಗೆ.

ಪಿಕಪ್ಪಿಗೆ ಒಂದು ಹುಟ್ಟು ದೋಷ ಇದೆ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಉದ್ದ. ಹೈಲಕ್ಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 3,085 ಮಿಲಿಮೀಟರ್. ಥಾರ್‌ನಲ್ಲಿ 2,450. ಚಕ್ರಗಳ ನಡುವೆ ದೂರ ಜಾಸ್ತಿ ಆದಷ್ಟೂ ದಿಬ್ಬದ ನೆತ್ತಿಗೆ ಹೊಟ್ಟೆ ತಾಗುತ್ತದೆ. ಥಾರ್ ಮೂತಿ ತಾಗದೆ 41 ಡಿಗ್ರಿಯ ಏರಿಗೆ ಮುಖ ಕೊಡಬಲ್ಲದು, ಹೈಲಕ್ಸ್ 29 ಡಿಗ್ರಿಗೆ. ಸಾಮಾನು ಸಾಗಿಸುವ ಅಗತ್ಯವೇ ಇಲ್ಲದಿದ್ದರೆ ಗಿಡ್ಡ ಗಾಡಿಯೇ ಕಾಡಿಗೆ ಮೇಲು. ಗೆಳೆಯನಿಗೆ ಗೊಬ್ಬರದ ಮೂಟೆ, ಮೆಣಸಿನ ಏಣಿ, ಮೋಟಾರು ಎಲ್ಲ ಹೇರಬೇಕಿತ್ತು. ಆ ಭಾರಕ್ಕೇ ಹಿಂದೆ ಪಟ್ಟಿ ಸ್ಪ್ರಿಂಗ್ ಇರುವುದು. ಖಾಲಿ ಇದ್ದಾಗ ಕುಣಿಯುತ್ತದೆ, ಭಾರ ಹೇರಿದರೆ ತಣ್ಣಗಾಗುತ್ತದೆ.

ಕಡೆಗೆ ಟೈರು. ಗಾಡಿಯ ಬೆಲೆಯ ಮುಂದೆ ಟೈರಿನ ದುಡ್ಡು ಚಿಲ್ಲರೆ, ಆದರೆ ನೆಲ ಮುಟ್ಟುವುದು ಅದೊಂದೇ. ಮಣ್ಣು ನೋಡಿ ಟೈರು ಆರಿಸಬೇಕು. ನವಲಗುಂದ, ನರಗುಂದದ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ, ಅಲ್ವಾ? ಟೈರಿನ ಸಂದುಗಳಿಗೂ ಅದೇ ಗತಿ. ಸಂದು ಮುಚ್ಚಿದ ಟೈರು ಬೋಳು ಟೈರು. ಅಲ್ಲಿಗೆ ಅಗಲ ಸಂದಿನ, ತಿರುಗುವಾಗ ಮಣ್ಣು ತಾನೇ ಎಸೆಯುವ ಮಡ್ ಟೈರು ಬೇಕು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಬೇರೆ. ಬೇಸಿಗೆಯಲ್ಲಿ ಗೋಲಿ ಚೆಲ್ಲಿದ ಹಾಗೆ ಉರುಳುವ ಹರಳು, ಮಳೆಗಾಲದಲ್ಲಿ ಗಟ್ಟಿ ತಳದ ಮೇಲೆ ತೆಳ್ಳಗೆ ಜಾರುವ ಪದರ. ಅಲ್ಲಿಗೆ ಎಲ್ಲ ಬಗೆಯ ನೆಲಕ್ಕೂ ಹೊಂದುವ ಆಲ್ ಟೆರೇನ್ ಟೈರು ಸಾಕು, ಟಾರು ರಸ್ತೆಯಲ್ಲೂ ಸದ್ದು ಕಡಿಮೆ.

ಗಾಳಿ ಇಳಿಸುವುದನ್ನು ಮರೆಯಬೇಡಿ. ಒಂದೊಂದು ಚಕ್ರದ ಮೇಲೆ ಸುಮಾರು 525 ಕೆಜಿ. 32 ಪಿಎಸ್‌ಐ ಗಾಳಿ ಇದ್ದರೆ ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 230 ಚದರ ಸೆಂಟಿಮೀಟರ್. 18ಕ್ಕೆ ಇಳಿಸಿದರೆ 400 ದಾಟುತ್ತದೆ. ಟೈರಿನ ಅಚ್ಚು ಉದ್ದವಾಗುತ್ತದೆ, ಹೂಳುವುದು ಕಡಿಮೆಯಾಗುತ್ತದೆ, ಕಲ್ಲಿನ ಮೂಲೆಗಳನ್ನು ರಬ್ಬರು ತಬ್ಬಿಕೊಳ್ಳುತ್ತದೆ. ಟಾರು ರಸ್ತೆಗೆ ಬಂದೊಡನೆ ಮತ್ತೆ ತುಂಬಲೇಬೇಕು, ಇಲ್ಲದಿದ್ದರೆ ಟೈರಿನ ಪಕ್ಕೆ ಬಿಸಿಯಾಗಿ ಸೀಳುತ್ತದೆ.

ಗೆಳೆಯ ಹಿಂದಿನ ಲಾಕ್ ಇರುವ ಗಾಡಿಯನ್ನೇ ಕೊಂಡ. ಆಲ್ ಟೆರೇನ್ ಟೈರು ಹಾಕಿಸಿದ, ಸೀಟಿನ ಕೆಳಗೆ ಪುಟ್ಟ ಕಂಪ್ರೆಸರ್ ಇಟ್ಟ. ಜೂನ್ ಮಳೆ ಹಿಡಿದ ಮೇಲೆ ನಾನು ತೋಟಕ್ಕೆ ಹೋದೆ. ಅದೇ ಕೊರಕಲು, ಇನ್ನಷ್ಟು ಆಳವಾಗಿತ್ತು. ಅವನು ಗಾಳಿ ಇಳಿಸಿ, ಫೋರ್ ಲೋ ಹಾಕಿ, ಲಾಕ್ ಬಟನ್ ಒತ್ತಿದ. ನಾನು ಪಕ್ಕದಲ್ಲಿ ನಡೆದುಕೊಂಡು ಹೋದೆ, ಗಾಡಿಗಿಂತ ನಾನೇ ಬೇಗ. ಹಿಂದಿನ ಬಲ ಚಕ್ರ ನೆಲ ಬಿಟ್ಟು ಗಾಳಿಗೆ ಎದ್ದಿತು. ಆದರೆ ಈ ಸಲ ಭರ್ರನೆ ತಿರುಗಲಿಲ್ಲ, ಜೊತೆಯ ಚಕ್ರದಷ್ಟೇ ಮೆಲ್ಲಗೆ ಸುತ್ತಿತು. ಗಾಡಿ ಆಚೆ ದಡ ಹತ್ತಿ ನಿಂತಿತು. ಹಿಂದೆ ತಿರುಗಿ ನೋಡಿದರೆ ಕೆಸರಿನ ಮೇಲೆ ಟೈರಿನ ಒಂದೊಂದು ಗುಬುಟೂ ಅಚ್ಚೊತ್ತಿದ ಹಾಗೆ ಮೂಡಿತ್ತು. ಎಲ್ಲೂ ಉಜ್ಜಿದ ಗುರುತಿರಲಿಲ್ಲ.