ಫ್ಲೋಟರ್: ಸ್ಲೈಡಿಗೆ ಸೇರಿಕೊಂಡ ಬೇರೆಯವರ ಚೂರು

ಅರವತ್ತು ದಾಟಿದ ಗಂಡಸಿನ ಹೊಟ್ಟೆಯ ಬಯಾಪ್ಸಿ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಪಕ್ಕದಲ್ಲೇ ಹೆರಿಗೆಯ ಮಾಸಿನ ಚೂರು! ಅದು ಅವರದ್ದಾಗಲು ಸಾಧ್ಯವೇ ಇಲ್ಲ, ಅಲ್ವಾ? ಹೀಗೆ ಬೇರೊಬ್ಬರ ಸ್ಯಾಂಪಲ್‌ನಿಂದ ಬಂದು ಸೇರಿಕೊಂಡ ಚೂರನ್ನು ಪೆಥಾಲಜಿ ಲ್ಯಾಬಿನವರು ಫ್ಲೋಟರ್ ಅಂತಾರೆ.

ಲೇಬಲ್ ಅದಲುಬದಲಾಗುವುದು ಬೇರೆ, ಇದು ಬೇರೆ. ಇಲ್ಲಿ ಡಬ್ಬಿ, ಕ್ಯಾಸೆಟ್ (ಚೂರು ಇಡುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ), ಸ್ಲೈಡ್ ಎಲ್ಲದರ ನಂಬರೂ ಸರಿಯಾಗೇ ಇರುತ್ತದೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೂ ಗೊತ್ತಾಗುವುದಿಲ್ಲ.

ಸ್ಯಾಂಪಲ್ ಕತ್ತರಿಸುವಾಗ ಚಾಕುವಿಗೋ ಹಲಗೆಗೋ ಅಂಟಿದ ಚೂರು ಮುಂದಿನ ಕೇಸಿಗೆ ಹೋಗಬಹುದು. ಸ್ಯಾಂಪಲನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುವಾಗ ಫೋರ್ಸೆಪ್ಸ್ (ಚಿಮುಟ) ತುದಿಯಿಂದಲೂ ಬರಬಹುದು. ಇನ್ನೊಂದು ಜಾಗ ವಾಟರ್ ಬಾತ್. ಮೇಣದ ಬ್ಲಾಕನ್ನು 3ರಿಂದ 5 ಮೈಕ್ರಾನ್ ದಪ್ಪಕ್ಕೆ ಸೀಳಿ, ಸುಕ್ಕು ಬಿಡಲಿ ಅಂತ ಆ ತೆಳು ಪಟ್ಟಿಯನ್ನು ಬಿಸಿನೀರಿನ ಮೇಲೆ ತೇಲಿಬಿಡುತ್ತಾರೆ. ಆಮೇಲೆ ಸ್ಲೈಡಿನಿಂದ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ಹಿಂದಿನ ಬ್ಲಾಕಿನ ಚೂರು ನೀರಲ್ಲೇ ಉಳಿದಿದ್ದರೆ ಅದೂ ಜೊತೆಗೆ ಬಂತು. ಪ್ರತಿ ಬ್ಲಾಕ್ ಮುಗಿದ ಮೇಲೆ ನೀರಿನ ಮೇಲೆ ಒಮ್ಮೆ ಟಿಶ್ಯೂ ಪೇಪರ್ ಎಳೆಯುವುದು ಇದಕ್ಕೇ. ಕ್ಷಣದ ಕೆಲಸ. ಕೇಸು ಜಾಸ್ತಿ ಇದ್ದ ದಿನ ಬಿಟ್ಟುಹೋಗುವುದೂ ಇಂಥದ್ದೇ.

ಮಾಸಿನ ಚೂರು ಸುಮ್ನೆ ನಕ್ಕು ಬದಿಗಿಡುವಂಥದ್ದು. ಕಷ್ಟ ಬರುವುದು ಒಂದೇ ಥರದ ಸ್ಯಾಂಪಲ್‌ಗಳಲ್ಲಿ. ಒಬ್ಬರ ಪ್ರಾಸ್ಟೇಟ್ ಬಯಾಪ್ಸಿಯ ಕ್ಯಾನ್ಸರ್ ಚೂರು ಇನ್ನೊಬ್ಬರ ಪ್ರಾಸ್ಟೇಟ್ ಬಯಾಪ್ಸಿಗೆ ಸೇರಿದರೆ ನೋಡಿದ ತಕ್ಷಣ ಅನುಮಾನವೇ ಬರುವುದಿಲ್ಲ. ಹಾಗಾಗಿ ಒಂದೇ ಅಂಗದ ಸ್ಯಾಂಪಲ್‌ಗಳನ್ನು ಸಾಲಾಗಿ ಕತ್ತರಿಸದೆ ನಡುವೆ ಬೇರೆ ಥರದ್ದನ್ನು ತೆಗೆದುಕೊಳ್ಳುವ ರೂಢಿ ಇದೆ. ಒಳ್ಳೆಯ ರೂಢಿ, ಖರ್ಚೂ ಇಲ್ಲ.

ಅನುಮಾನ ಬಂದರೆ ಮೊದಲು ಅದೇ ಬ್ಲಾಕನ್ನು ಇನ್ನಷ್ಟು ಆಳಕ್ಕೆ ಸೀಳಿ ನೋಡುತ್ತಾರೆ. ಹೊಸ ಸ್ಲೈಡುಗಳಲ್ಲಿ ಆ ಚೂರು ಇಲ್ಲದಿದ್ದರೆ ಅದು ನೀರಿನಿಂದಲೋ ಬಣ್ಣ ಹಾಕುವಾಗಲೋ ಬಂದಿರುವ ಸಾಧ್ಯತೆ ಹೆಚ್ಚು. ಬ್ಲಾಕಿನೊಳಗೇ ಇದ್ದರೆ ತಪ್ಪು ಅದಕ್ಕೂ ಮುಂಚೆ ಆಗಿರಬಹುದು, ಅಥವಾ ಅದು ಆ ರೋಗಿಯದ್ದೇ ಇರಬಹುದು. ಆಗ ಆ ದಿನದ ಉಳಿದ ಕೇಸುಗಳ ಸ್ಲೈಡ್ ತೆಗೆದು ಹೋಲಿಸಬೇಕು. ಅದರಲ್ಲೂ ಬಗೆಹರಿಯದಿದ್ದರೆ ಚೂರಿನ ಡಿಎನ್ಎ ಪರೀಕ್ಷಿಸಿ ರೋಗಿಯದ್ದರ ಜೊತೆ ತಾಳೆ ನೋಡಬಹುದು. ಅದಕ್ಕೂ ಸಾಕಾಗುವಷ್ಟು ಚೂರು ಉಳಿದಿಲ್ಲವೆಂದರೆ ಡಾಕ್ಟರು ಮತ್ತೊಮ್ಮೆ ಬಯಾಪ್ಸಿ ಕೇಳಬೇಕಾಗಬಹುದು.